ಹನ್ನೊಂದು ದಿನದ ಕಪ್ಪು ಚುಕ್ಕೆ

ತಂಗಿಯ ಹೊಟ್ಟೆಗೆ ಹಾಕಿದ್ದ ಕೊಳವೆಯೊಳಗೆ ಒಂದು ಕಪ್ಪು ಚುಕ್ಕೆಯನ್ನು ನಾನು ನೋಡಿದೆ. ನೋಡಿದ ದಿನವೇ ಹೇಳಬೇಕಿತ್ತು. ಹೇಳಲಿಲ್ಲ. ಹನ್ನೊಂದು ದಿನ ಬಾಯಿ ಬಿಡಲಿಲ್ಲ. ಕೊನೆಗೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಎದುರಿಗೆ ಕೂರಿಸಿಕೊಂಡು, ಇದನ್ನು ಮೊದಲು ನೋಡಿದ್ದು ಯಾವತ್ತು ಎಂದು ಕೇಳಿದಾಗಲೂ, ಇವತ್ತು ಬೆಳಿಗ್ಗೆ ಅಂದೆ.

ನಾನು ಓದಿದ್ದು ಏಳನೇ ಕ್ಲಾಸು. ಬರೆದು ರೂಢಿಯಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಇದನ್ನು ಬಾಯಲ್ಲಿ ಹೇಳುತ್ತಾ ಹೋದರೆ ನಡುವೆ ಎಲ್ಲೋ ನನ್ನ ಪರವಾಗಿ ಒಂದು ಮಾತು ಸೇರಿಕೊಂಡುಬಿಡುತ್ತದೆ. ಬರೆದರೆ ಮತ್ತೆ ಓದಿ ಅದನ್ನು ಹೊಡೆದುಹಾಕಬಹುದು.

ಭದ್ರಾವತಿಯಲ್ಲಿ ನಾವಿಬ್ಬರೇ ಇರುವುದು. ಅಪ್ಪ ಕಾರ್ಖಾನೆಯಲ್ಲಿದ್ದಾಗ ಕಟ್ಟಿಸಿದ ಮನೆ, ಒಂದು ಹಾಲ್, ಅಡುಗೆಮನೆ, ಎರಡು ಕೋಣೆ. ಗಂಡ ತೀರಿಕೊಂಡ ಮೇಲೆ ನಾನು ಇಲ್ಲಿಗೇ ಬಂದೆ. ತಂಗಿ ನನಗಿಂತ ಆರು ವರ್ಷಕ್ಕೆ ಚಿಕ್ಕವಳು, ಮದುವೆ ಮಾಡಿಕೊಳ್ಳಲಿಲ್ಲ. ಅವಳು ಬ್ಲೌಸ್ ಹೊಲಿಯುತ್ತಾಳೆ. ನಾನು ಮನೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಅಡಿಕೆ ಹಾಳೆಯ ತಟ್ಟೆ ಒತ್ತುತ್ತೇನೆ. ತೋಟದಲ್ಲಿ ಬಿದ್ದ ಹಾಳೆಯನ್ನು ಬೇಸಿಗೆಯಲ್ಲಿ ಕಟ್ಟುಕಟ್ಟಾಗಿ ತಂದು ಹಾಕುತ್ತಾರೆ. ಅದನ್ನು ನೀರಲ್ಲಿ ನೆನೆಸಿ, ಬ್ರಷ್ಷಿನಿಂದ ಉಜ್ಜಿ, ಬಿಸಿ ಅಚ್ಚಿನಲ್ಲಿಟ್ಟು ಒತ್ತಿದರೆ ತಟ್ಟೆ. ಕೆಲಸ ಕಷ್ಟದ್ದಲ್ಲ. ಕಷ್ಟ ಇರುವುದು ಹಾಳೆಯನ್ನು ಮಳೆಗಾಲ ದಾಟಿಸುವುದರಲ್ಲಿ. ಸ್ವಲ್ಪ ತೇವ ತಾಗಿದರೂ ಬೂಷ್ಟು ಹಿಡಿಯುತ್ತದೆ. ಮೊದಲು ಸಾಸಿವೆಯಷ್ಟು ಒಂದು ಕಪ್ಪು ಚುಕ್ಕೆ. ಮೂರು ದಿನ ಬಿಟ್ಟು ನೋಡಿದರೆ ಅದರ ಪಕ್ಕ ಹತ್ತು. ಅಂಥ ಹಾಳೆಯನ್ನು ನಾನು ಕಣ್ಣಲ್ಲೇ ಆರಿಸಿ ಎಸೆಯುತ್ತೇನೆ, ಕೈಗೆತ್ತಿಕೊಂಡು ನೋಡುವ ಅಗತ್ಯವೂ ಇಲ್ಲ. ಹದಿನೈದು ವರ್ಷದಿಂದ ಅದೇ ಕೆಲಸ.

ತಂಗಿಯ ಎರಡೂ ಕಿಡ್ನಿ ಹೋಗಿವೆ ಎಂದು ಗೊತ್ತಾದಾಗ ಮೊದಲು ಮಾಡಿಸಿದ್ದು ರಕ್ತದ ಡಯಾಲಿಸಿಸ್. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಬೇಕು, ನಾಲ್ಕು ಗಂಟೆ ಮಷೀನಿನ ಪಕ್ಕ ಮಲಗಬೇಕು. ಬಂದ ಮೇಲೆ ಮಾರನೆಯ ದಿನವೂ ಅವಳು ಏಳುತ್ತಿರಲಿಲ್ಲ. ಮೂರು ದಿನ ಮಷೀನಿಗೆ, ಮೂರು ದಿನ ಮಂಚಕ್ಕೆ, ಉಳಿದ ಒಂದು ದಿನ ಮಾತ್ರ ನನ್ನದು ಎಂದು ಬಂದವರ ಹತ್ತಿರ ನಗಾಡುತ್ತಿದ್ದಳು. ಹೊಲಿಗೆ ಮಷೀನಿನ ಮೇಲೆ ಬಟ್ಟೆ ಮುಚ್ಚಿ ಇಟ್ಟಿದ್ದಳು. ಕೊಟ್ಟ ಬಟ್ಟೆಗಳನ್ನು ಗಿರಾಕಿಗಳು ಒಬ್ಬೊಬ್ಬರಾಗಿ ವಾಪಸು ತೆಗೆದುಕೊಂಡು ಹೋದರು.

ಒಂದು ವರ್ಷದ ಮೇಲೆ ಡಾಕ್ಟರು ಹೊಟ್ಟೆಯ ಡಯಾಲಿಸಿಸ್ ಆಗಬಹುದು ಅಂದರು. ಹೊಟ್ಟೆಗೆ ಒಂದು ಮೆತ್ತನೆಯ ಕೊಳವೆ ಹಾಕುತ್ತಾರೆ. ಮೇಲೆ ಮೊಳೆಗೆ ತೂಗಿಹಾಕಿದ ಚೀಲದಿಂದ ಔಷಧಿಯ ನೀರು ಹೊಟ್ಟೆಯೊಳಗೆ ಇಳಿಯುತ್ತದೆ, ಕೆಲವು ಗಂಟೆ ಅಲ್ಲೇ ನಿಂತು ಮೈಯ ಕೊಳೆಯನ್ನು ಎಳೆದುಕೊಳ್ಳುತ್ತದೆ, ಆಮೇಲೆ ನೆಲದ ಮೇಲಿಟ್ಟ ಖಾಲಿ ಚೀಲಕ್ಕೆ ಹೊರಗೆ ಬರುತ್ತದೆ. ದಿನಕ್ಕೆ ನಾಲ್ಕು ಸಲ, ಮನೆಯಲ್ಲೇ. ಬಸ್ಸಿಲ್ಲ, ಸೂಜಿಯಿಲ್ಲ.

ಅದನ್ನು ಕಲಿಸಿದ ನರ್ಸಮ್ಮ ಒಂದು ದಿನ ನಮ್ಮ ಮನೆಗೇ ಬಂದು ಚಿಕ್ಕ ಕೋಣೆಯನ್ನು ನೋಡಿ ಒಪ್ಪಿದರು. ಕೈ ಹೇಗೆ ತೊಳೆಯಬೇಕು, ಬಾಯಿಗೆ ಮಾಸ್ಕ್ ಹಾಕಿ, ಫ್ಯಾನ್ ನಿಲ್ಲಿಸಿ, ಬಾಗಿಲು ಹಾಕಿ ಹೇಗೆ ಚೀಲ ಬದಲಿಸಬೇಕು ಎಂದು ಮತ್ತೊಮ್ಮೆ ಮಾಡಿಸಿ ನೋಡಿದರು. ಹೊರಡುವಾಗ ಶೆಡ್ಡಿನಲ್ಲಿದ್ದ ಹಾಳೆ ಕಟ್ಟುಗಳ ಮುಂದೆ ನಿಂತು, ಮೂಸಿ ನೋಡಿ ನನ್ನ ಕಡೆ ತಿರುಗಿದರು.

"ನೋಡಮ್ಮ, ಇದು ಮಾತ್ರ ಆ ಕೋಣೆ ಹೊಸಿಲು ದಾಟಬಾರದು."

ನಾನು ದೇವರಾಣೆ ಇಲ್ಲ ಅಂದೆ. ಆಣೆ ಇಡು ಎಂದು ಅವರೇನೂ ಕೇಳಿರಲಿಲ್ಲ.

ಕೆಲಸವನ್ನು ನಾವಿಬ್ಬರೂ ಹಂಚಿಕೊಂಡೆವು. ಚೀಲ ಜೋಡಿಸುವುದು, ಬಿಚ್ಚುವುದು ಅವಳೇ ಮಾಡಿಕೊಳ್ಳುತ್ತಿದ್ದಳು, ಅವಳ ಕೈ ಚುರುಕು. ಹೊರಗೆ ಬಂದ ನೀರನ್ನು ನೋಡಿ ಚೆಲ್ಲುವುದು, ಹೊಟ್ಟೆಯ ಮೇಲಿನ ಬ್ಯಾಂಡೇಜು ಬದಲಿಸಿ ಕೊಳವೆ ನೋಡುವುದು ನನ್ನ ಪಾಲಿಗೆ ಬಂತು. ತನ್ನ ಹೊಟ್ಟೆಯ ನೀರನ್ನು ತಾನೇ ನೋಡುವುದು ಅವಳಿಗೆ ಆಗುತ್ತಿರಲಿಲ್ಲ. "ಹಾಳೆ ನೋಡೋ ಕಣ್ಣು ನಿಂದು ಮಾರಾಯ್ತಿ, ಇದನ್ನೂ ನೀನೇ ನೋಡು" ಅಂದಳು.

ನೀರು ಚೆನ್ನಾಗಿದೆಯೋ ಇಲ್ಲವೋ ತಿಳಿಯಲು ನರ್ಸಮ್ಮ ಒಂದು ಉಪಾಯ ಹೇಳಿಕೊಟ್ಟಿದ್ದರು. ಚೀಲದ ಕೆಳಗೆ ಅಚ್ಚಿನ ಅಕ್ಷರ ಇರುವ ಕಾಗದ ಇಡಬೇಕು. ಅಕ್ಷರ ಓದಲು ಬಂದರೆ ನೀರು ತಿಳಿಯಾಗಿದೆ ಎಂದು ಅರ್ಥ. ಮಸುಕಾದರೆ ಆ ಚೀಲವನ್ನೇ ಹಿಡಿದುಕೊಂಡು ಆಸ್ಪತ್ರೆಗೆ ಓಡಿಬರಬೇಕು. ನಾನು ಕ್ಯಾಲೆಂಡರಿನ ಹಳೆಯ ತಿಂಗಳೊಂದನ್ನು ಹರಿದು ಇಟ್ಟುಕೊಂಡಿದ್ದೆ. ದಿನಕ್ಕೆ ನಾಲ್ಕು ಸಲ ತಿಳಿ ಹಳದಿ ನೀರಿನೊಳಗಿಂದ ಏಕಾದಶಿ, ಸಂಕಷ್ಟಿ, ಅಮಾವಾಸ್ಯೆ ಎಂದು ಗಟ್ಟಿಯಾಗಿ ಓದುತ್ತಿದ್ದೆ. ಏಳನೇ ಕ್ಲಾಸಿಗೆ ಬಿಟ್ಟ ಓದನ್ನು ನಮ್ಮಕ್ಕ ನನ್ನ ಹೊಟ್ಟೆ ನೀರಲ್ಲಿ ಮುಗಿಸುತ್ತಿದ್ದಾಳೆ ಎಂದು ಅವಳು ಗಿರಾಕಿಗಳಿಗೆಲ್ಲ ಹೇಳಿ ನಗಿಸುತ್ತಿದ್ದಳು.

ಹೌದು, ಗಿರಾಕಿಗಳು ವಾಪಸು ಬಂದಿದ್ದರು. ಅವಳು ದಿನಕ್ಕೆ ಒಂದು ಬ್ಲೌಸ್ ಹೊಲಿಯುತ್ತಿದ್ದಳು, ಹಬ್ಬದ ಸಮಯದಲ್ಲಿ ಎರಡು. ಮುಖಕ್ಕೆ ಬಣ್ಣ ಬಂದಿತ್ತು. ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಚೀಲ ಬದಲಿಸಿಕೊಂಡು, ಪರಿಚಯದವರ ಆಟೋದಲ್ಲಿ ಸಕ್ರೆಬೈಲಿಗೆ ಹೋಗಿ, ಆನೆಗಳು ನೀರಲ್ಲಿ ಮಲಗಿ ಮೈ ಉಜ್ಜಿಸಿಕೊಳ್ಳುವುದನ್ನು ನೋಡಿಕೊಂಡು, ಹನ್ನೆರಡಕ್ಕೆ ಮುಂದಿನ ಚೀಲಕ್ಕೆ ಮನೆಗೆ ಬಂದಿದ್ದೆವು. ಅಷ್ಟು ಉಜ್ಜುವವರು ಸಿಕ್ಕರೆ ತಾನೂ ಹಾಗೇ ಬಿದ್ದುಕೊಂಡಿರುತ್ತೇನೆ ಅಂದಿದ್ದಳು. ಒಂದೂವರೆ ವರ್ಷ ಹೀಗೇ ನಡೆಯಿತು. ಅವಳ ಪಾಲಿಗೆ ಆ ಕೊಳವೆ ಎಂದರೆ ಏನೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ಆಮೇಲೆ ಆ ಮಳೆಗಾಲದಲ್ಲಿ ಶೆಡ್ಡಿನ ತಗಡು ಒಂದು ಮೂಲೆಯಲ್ಲಿ ಸೋರಲು ಶುರುವಾಯಿತು. ಒಂದು ಗೃಹಪ್ರವೇಶಕ್ಕೆ ತಟ್ಟೆ ಕೊಡುತ್ತೇನೆಂದು ಒಪ್ಪಿಕೊಂಡಿದ್ದೆ. ಒಳ್ಳೆಯ ಹಾಳೆಯ ಎಂಟು ಕಟ್ಟು ಉಳಿದಿದ್ದವು. ಹಾಲ್‌ನಲ್ಲಿ ಗಿರಾಕಿಗಳು ಕೂರುತ್ತಾರೆ, ನಾವು ಮಲಗುವ ಕೋಣೆಯ ಗೋಡೆ ಆಗಲೇ ಒದ್ದೆಯಾಗಿತ್ತು. ಇಡೀ ಮನೆಯಲ್ಲಿ ಒಣಗಿದ್ದ ಜಾಗ ಒಂದೇ, ನರ್ಸಮ್ಮ ಒಪ್ಪಿದ್ದ ಆ ಚಿಕ್ಕ ಕೋಣೆ. ತಂಗಿ ತಿಂಗಳ ತಪಾಸಣೆಗೆ ಪಕ್ಕದ ಮನೆಯವರ ಜೊತೆ ಶಿವಮೊಗ್ಗಕ್ಕೆ ಹೋಗಿದ್ದ ದಿನ, ಎಂಟೂ ಕಟ್ಟನ್ನು ಹೊತ್ತುಕೊಂಡು ಹೋಗಿ ಔಷಧಿ ನೀರಿನ ರಟ್ಟಿನ ಪೆಟ್ಟಿಗೆಗಳ ಹಿಂದೆ ಜೋಡಿಸಿದೆ. ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿದೆ. ಎರಡು ದಿನಕ್ಕೆ ಎಂದುಕೊಂಡಿದ್ದೆ. ಮಳೆ ಬಿಡಲಿಲ್ಲ, ನಾನೂ ತೆಗೆಯಲಿಲ್ಲ. ಎರಡು ವಾರವಾಯಿತು.

ಅವಳಿಗೆ ವಾಸನೆ ಬಂದಿತ್ತು. ಏನೋ ಮುಗ್ಗಲು ವಾಸನೆ ಕಣೇ ಇಲ್ಲಿ ಎಂದು ಎರಡು ಸಲ ಹೇಳಿದಳು. ಮಳೆಗಾಲ ಅಲ್ವಾ, ಊರೆಲ್ಲ ಹಾಗೇ ಇದೆ ಅಂದೆ. ಒಂದು ದಿನ ಮಾಸ್ಕ್ ಹಾಕಲು ಮರೆತು ಚೀಲ ಬದಲಿಸುವಾಗ ಅವಳಿಗೆ ಸೀನು ಬಂತು. ಅದನ್ನು ಅವಳು ಬಹಳ ಮನಸ್ಸಿಗೆ ಹಚ್ಚಿಕೊಂಡಳು. ಏನೂ ಆಗಲ್ಲ ಬಿಡು ಎಂದು ನಾನೇ ಸಮಾಧಾನ ಮಾಡಿದೆ.

ಒಂದು ಗುರುವಾರ ಸ್ನಾನವಾದ ಮೇಲೆ ಬ್ಯಾಂಡೇಜು ಬದಲಿಸುತ್ತಿದ್ದಾಗ, ಕೊಳವೆಯೊಳಗೆ ಸಾಸಿವೆಯಷ್ಟು ಕಪ್ಪು ಕಂಡಿತು. ಹೊರಗೆ ಅಂಟಿದ್ದಿರಬೇಕೆಂದು ಒರೆಸಿದೆ. ಹೋಗಲಿಲ್ಲ. ಒಳಗೇ ಇತ್ತು. ಏನದು ಎಂದು ನನ್ನ ಕಣ್ಣಿಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆ ಮಾತು ಸುಳ್ಳು.

"ಏನಾಯ್ತೇ?" ಅಂದಳು.

"ಏನಿಲ್ಲ. ಚೆನ್ನಾಗಿದೆ."

ಅವಳು ಊಟ ಮಾಡಿ ಮಲಗಿದ ಮೇಲೆ ಬೆಡ್‌ಶೀಟ್ ಎತ್ತಿ ನೋಡಿದೆ. ಗೋಡೆಗೆ ತಾಗಿದ್ದ ಮೂರು ಕಟ್ಟಿನಲ್ಲಿ ಬೂಷ್ಟು ಕಪ್ಪಗೆ ಹರಡಿಕೊಂಡಿತ್ತು. ಎಂಟನ್ನೂ ಹಿತ್ತಲಿಗೆ ಸಾಗಿಸಿ, ನೆಲ ಗೋಡೆಗಳನ್ನು ಫಿನಾಯಿಲಿನಲ್ಲಿ ಒರೆಸಿದೆ. ಎದ್ದು ಬಂದವಳು, ಇವತ್ತೇನು ಹಬ್ಬವಾ ಎಂದು ಕೇಳಿದಳು.

ನರ್ಸಮ್ಮನ ನಂಬರು ಗೋಡೆಯ ಮೇಲೇ ಅಂಟಿಸಿತ್ತು. ಮಾರನೆಯ ದಿನ ಫೋನ್ ಮಾಡಿ, ಒಂದು ಸಲ ರಿಂಗ್ ಆದ ಕೂಡಲೇ ಕಟ್ ಮಾಡಿದೆ. ಅವರೇ ತಿರುಗಿ ಮಾಡಿ ಏನಮ್ಮ ಎಂದು ವಿಚಾರಿಸಿದರು. ಕೈ ತಾಗಿ ಹೋಯಿತು ಅಂದೆ. ಕೋಣೆಯಲ್ಲಿ ಏನಿಟ್ಟಿದ್ದೆ ಎಂದು ಅವರು ಕೇಳುತ್ತಾರೆ, ನಾನು ಹೇಳಬೇಕಾಗುತ್ತದೆ, ಅದು ತಂಗಿಯ ಕಿವಿಗೆ ಬೀಳುತ್ತದೆ. ನನಗೆ ಇದ್ದ ಭಯ ಇಷ್ಟೇ. ಇಷ್ಟು ಸಣ್ಣ ಭಯ.

ಹಾಳೆಗೆ ಮಾಡುವ ಉಪಚಾರವನ್ನೇ ಕೊಳವೆಗೂ ಮಾಡಲು ಹೋದೆ. ಚುಕ್ಕೆ ಹಿಡಿದ ಹಾಳೆ ಇನ್ನೂ ಗಟ್ಟಿಯಾಗಿದ್ದರೆ ಉಜ್ಜಿ ಬಿಸಿಲಿಗೆ ಹಾಕುತ್ತೇವೆ, ಒಮ್ಮೊಮ್ಮೆ ಉಳಿಯುತ್ತದೆ. ಮಳೆ ಹೊಳವಾಗಿ ಬಿಸಿಲು ಬಂದಾಗಲೆಲ್ಲ ಮೈಗೆ ಒಳ್ಳೆಯದು ಎಂದು ಹೇಳಿ ಅವಳನ್ನು ಅಂಗಳದಲ್ಲಿ ಕೂರಿಸಿದೆ. ಬ್ಯಾಂಡೇಜು ಬದಲಿಸುವ ನೆಪದಲ್ಲಿ ಚುಕ್ಕೆ ಇದ್ದ ಜಾಗವನ್ನು ಬೆರಳುಗಳ ನಡುವೆ ಹಿಡಿದು ತಿಕ್ಕಿದೆ, ಕಿತ್ತುಬಂದರೆ ನೀರಿನ ಜೊತೆ ಹೊರಗೆ ಹೋದೀತು ಎಂದು. ದೀಪದ ಬತ್ತಿ ಹೊಸೆಯುವ ಹಾಗೆ ಹೊಸೆಯುತ್ತಿದ್ದೀಯಲ್ಲ, ಹಚ್ಚಿಬಿಡಬೇಡ ಎಂದು ಅವಳು ನಕ್ಕಳು. ಚುಕ್ಕೆ ಅಲುಗಲಿಲ್ಲ. ಐದನೆಯ ದಿನಕ್ಕೆ ಅದರ ಪಕ್ಕ ಇನ್ನೊಂದು ಬಂತು.

ಏಳನೆಯ ದಿನ ಕೋಟೆ ರಸ್ತೆಯ ಅಂಗಡಿಗೆ ಮೊದಲೇ ಒತ್ತಿಟ್ಟಿದ್ದ ತಟ್ಟೆ ಕೊಡಲು ಶಿವಮೊಗ್ಗಕ್ಕೆ ಹೋಗಿದ್ದೆ. ಅಲ್ಲಿಂದ ಆಸ್ಪತ್ರೆಗೆ ನಡೆದುಕೊಂಡು ಹೊರಟೆ. ಆಸ್ಪತ್ರೆಯ ರಸ್ತೆಯ ತಿರುವಿನವರೆಗೆ ಹೋದೆ. ಅಲ್ಲಿ ನಿಂತು, ನೀರು ತಿಳಿಯಾಗಿಯೇ ಇದೆಯಲ್ಲ, ಇವತ್ತು ಬೆಳಿಗ್ಗೆಯೂ ಏಕಾದಶಿ ಓದಿದೆನಲ್ಲ ಎಂದುಕೊಂಡೆ. ವಾಪಸು ಬಸ್ ಸ್ಟ್ಯಾಂಡಿಗೆ ನಡೆದೆ.

ಹನ್ನೊಂದನೆಯ ದಿನ ಬೆಳಿಗ್ಗೆ ಹೊಟ್ಟೆಯ ನೀರು ಅರ್ಧ ಬಂದು ನಿಂತುಬಿಟ್ಟಿತು. ಬಂದದ್ದು ಅಕ್ಕಿ ತೊಳೆದ ನೀರಿನಂತಿತ್ತು. ಕೆಳಗೆ ಕ್ಯಾಲೆಂಡರ್ ಇಟ್ಟೆ. ಒಂದು ಅಕ್ಷರವೂ ಕಾಣಲಿಲ್ಲ. ತಂಗಿ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ್ದಳು.

"ಓದೇ ಅಕ್ಕ" ಅಂದಳು.

ನಾನು ಕ್ಯಾಲೆಂಡರ್ ಮಡಚಿ ಪಕ್ಕಕ್ಕಿಟ್ಟೆ.

ಚೀಲವನ್ನು ತಟ್ಟೆ ಕಟ್ಟುವ ಕವರಿನಲ್ಲಿಟ್ಟುಕೊಂಡು ಬಸ್ ಹತ್ತಿದೆವು. ಪಕ್ಕದಲ್ಲಿ ಕೂತಿದ್ದ ಹೆಂಗಸು ಕವರಿನೊಳಗೆ ಇಣುಕಿ ಗಂಜಿಯಾ ಎಂದು ಕೇಳಿದಳು. ಅಂಥ ನೋವಿನಲ್ಲೂ ತಂಗಿ, "ಹೂಂ, ನಂದೇ ಗಂಜಿ" ಅಂದಳು. ದಾರಿಯಲ್ಲಿ ಮಲವಗೊಪ್ಪ ಬರುವ ಹೊತ್ತಿಗೆ ಮಾತು ನಿಂತಿತು. ನನ್ನ ಭುಜದ ಮೇಲೆ ತಲೆ ಇಟ್ಟಳು. ಮೈ ಸುಡುತ್ತಿತ್ತು.

ಆಸ್ಪತ್ರೆಯಲ್ಲಿ ನಡೆದದ್ದರಲ್ಲಿ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಡಾಕ್ಟರು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು. ಆಗಲೇ ಅವರು ಆ ಪ್ರಶ್ನೆ ಕೇಳಿದ್ದು, ನಾನು ಇವತ್ತು ಬೆಳಿಗ್ಗೆ ಅಂದದ್ದು. ನೀರನ್ನು ಪರೀಕ್ಷೆಗೆ ಕಳಿಸಿ, ಅಲ್ಲಿಯವರೆಗೆ ಮಾಮೂಲಿ ಸೋಂಕಿನ ಇಂಜೆಕ್ಷನ್ ಕೊಟ್ಟರು. ಜ್ವರ ಇಳಿಯಲಿಲ್ಲ. ಮೂರು ದಿನದ ಮೇಲೆ ಲ್ಯಾಬಿನಿಂದ ಫಂಗಸ್ ಎಂದು ಬಂತು. ಅದಕ್ಕೊಂದು ಉದ್ದನೆಯ ಹೆಸರು ಹೇಳಿದರು, ನನ್ನ ನಾಲಿಗೆಗೆ ಅದು ಇವತ್ತಿಗೂ ಬರುವುದಿಲ್ಲ. ಮಣ್ಣಿನಲ್ಲಿ, ಹುಲ್ಲಿನಲ್ಲಿ, ಒಣಗಿದ ಎಲೆಯಲ್ಲಿ ಇರುವಂಥದ್ದಂತೆ. ಮನುಷ್ಯರ ಹೊಟ್ಟೆಗೆ ಬರುವುದು ಬಹಳ ಅಪರೂಪವಂತೆ. ತಾವೂ ಒಂದೇ ಒಂದು ಸಲ ನೋಡಿದ್ದು ಅಂದರು. ಮನೆಯೊಳಗೆ ಗಿಡದ ಕುಂಡ, ಹುಲ್ಲು, ಮಣ್ಣು, ಅಂಥದ್ದೇನಾದರೂ ಇಟ್ಟಿದ್ದಿರಾ ಎಂದು ಕೇಳಿದರು. ಇಲ್ಲ, ಶೆಡ್ಡು ಹೊರಗಿದೆ, ಕೋಣೆಯಲ್ಲಿ ಏನೂ ಇಲ್ಲ ಅಂದೆ. ಇದು ಎಲ್ಲಿಂದ ಬಂತು ಎಂದು ಖಚಿತವಾಗಿ ಹೇಳಲಾಗದು, ಗಾಳಿಯಲ್ಲೂ ಇರುತ್ತದೆ ಎಂದು ಅವರು ಬರೆದುಕೊಂಡರು.

ಆಗ ಮಂಚದ ಮೇಲಿಂದ ತಂಗಿ ಹೇಳಿದಳು: "ಡಾಕ್ಟ್ರೇ, ಒಂದಿನ ನಾನು ಮಾಸ್ಕ್ ಹಾಕಿರ್ಲಿಲ್ಲ. ಸೀನಿಬಿಟ್ಟೆ. ನನ್ನಿಂದಾನೇ ಆಗಿರ್ಬೇಕು."

ನಾನು ಕಿಟಕಿಯ ಕಡೆ ನೋಡುತ್ತಾ ನಿಂತಿದ್ದೆ.

ಕೊಳವೆಯನ್ನು ತೆಗೆಯಲೇಬೇಕು, ಅದು ಒಳಗಿರುವವರೆಗೆ ಬೂಷ್ಟು ಸಾಯುವುದಿಲ್ಲ ಅಂದರು. ತೆಗೆದ ಮೇಲೆ ಅದನ್ನು ಸೀಳಿ ಅವಳಿಗೆ ತೋರಿಸಿದರು. ಒಳಗೆಲ್ಲ ಕಪ್ಪಗೆ, ಹೊಗೆ ಹಿಡಿದ ಚಿಮಣಿಯ ಹಾಗೆ. ಇದು ನನ್ನೊಳಗಿತ್ತಾ ಎಂದು ಒಂದು ಸಲ ಕೇಳಿದಳು. ನರಕ್ಕೆ ಕೊಡುತ್ತಿದ್ದ ಔಷಧಿ ಬಹಳ ಜೋರಿನದು. ಅದು ಇಳಿಯಲು ಶುರುವಾಗಿ ಸ್ವಲ್ಪ ಹೊತ್ತಿಗೆ ಅವಳಿಗೆ ನಡುಕ ಬರುತ್ತಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು, ಕಬ್ಬಿಣದ ಮಂಚ ಅಲುಗುತ್ತಿತ್ತು. ಎರಡು ಕಂಬಳಿ ಹೊದಿಸಿ ಅವಳ ಪಾದಗಳನ್ನು ನನ್ನ ಮಡಿಲಲ್ಲಿ ಹಿಡಿದುಕೊಂಡು ಕೂರುತ್ತಿದ್ದೆ. ಹದಿನಾಲ್ಕು ದಿನ ಹೀಗಾಯಿತು. ಪ್ರತಿದಿನ ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ನಡುಗುತ್ತಿರುವವಳಿಗೆ ಹೇಗೆ ಹೇಳುವುದು ಎಂದು ಒಂದು ದಿನ, ನಡುಕ ನಿಂತು ಈಗ ತಾನೆ ನಿದ್ದೆ ಹತ್ತಿದೆ ಎಂದು ಇನ್ನೊಂದು ದಿನ.

ಜೀವ ಉಳಿಯಿತು. ರಕ್ತದ ಡಯಾಲಿಸಿಸ್ಸಿಗೆ ಮತ್ತೆ ವಾರಕ್ಕೆ ಮೂರು ದಿನ ಬಸ್ಸು ಶುರುವಾಯಿತು. ಹೊಟ್ಟೆಗೆ ಇನ್ನೊಂದು ಕೊಳವೆ ಹಾಕುತ್ತಾರೆಂದು ಅವಳು ಐದು ತಿಂಗಳು ಕಾದಳು. ಹೊಲಿಗೆ ಮಷೀನಿಗೆ ವಾರಕ್ಕೊಮ್ಮೆ ಎಣ್ಣೆ ಬಿಡುತ್ತಿದ್ದಳು. ಆಮೇಲೆ ಡಾಕ್ಟರು ಸ್ಕ್ಯಾನ್ ಮಾಡಿಸಿ, ಒಳಗೆ ಅಲ್ಲಲ್ಲಿ ಅಂಟಿಕೊಂಡಿದೆ, ಇನ್ನು ಹೊಟ್ಟೆಯ ಡಯಾಲಿಸಿಸ್ ಆಗುವುದಿಲ್ಲ ಅಂದರು. ಅವಳು ತಲೆಯಾಡಿಸಿದಳು. ಆ ವಾರ ಮಷೀನಿನ ಮೇಲೆ ಮತ್ತೆ ಬಟ್ಟೆ ಮುಚ್ಚಿದಳು.

ಬೇರೆ ಯಾರದೋ ಕಥೆ ಎಂಬಂತೆ ನಾನು ನರ್ಸಮ್ಮನನ್ನು ಕೇಳಿದೆ, ಹಾಗೆ ಚುಕ್ಕೆ ಕಂಡ ದಿನವೇ ಬಂದಿದ್ದರೆ ಏನಾಗುತ್ತಿತ್ತು ಎಂದು. ಆಗಲೂ ಕೊಳವೆ ತೆಗೆಯಲೇಬೇಕಿತ್ತು, ಆದರೆ ಹೊಟ್ಟೆ ಇಷ್ಟು ಹಾಳಾಗುವ ಮೊದಲೇ ತೆಗೆಯಬಹುದಿತ್ತು, ಆಮೇಲೆ ಬೇರೆ ಹಾಕಲು ಆಗುತ್ತಿತ್ತೇನೋ ಅಂದರು. ಆಗುತ್ತಿತ್ತೇನೋ. ಆ ಮಾತನ್ನು ಇಟ್ಟುಕೊಂಡು ನಾನು ಇಷ್ಟು ದಿನ ಬದುಕಿದ್ದೇನೆ.

ಇನ್ನೊಂದು ವಿಷಯ ಇದಕ್ಕಿಂತ ಕಷ್ಟದ್ದಾಗಿತ್ತು. ಯಾರು ಕೇಳಿದರೂ ಅವಳು ತನ್ನ ತಪ್ಪು ಎನ್ನುತ್ತಿದ್ದಳು. ಗಿರಾಕಿಗಳಿಗೆ, ಅಕ್ಕಪಕ್ಕದವರಿಗೆ, ಬಸ್ಸಿನಲ್ಲಿ ಸಿಕ್ಕವರಿಗೆ ಆ ಸೀನಿನ ಕಥೆ ಹೇಳುತ್ತಿದ್ದಳು. ಮೊದಮೊದಲು ನಗುತ್ತಾ ಹೇಳುತ್ತಿದ್ದಳು. ಆಮೇಲೆ ನಗು ಹೋಯಿತು, ಕಥೆ ಉಳಿಯಿತು. ಪಾಪ ನಮ್ಮಕ್ಕ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು, ನಾನೇ ಕೆಡಿಸಿಕೊಂಡೆ ಎಂದು ಕೊನೆಗೆ ಸೇರಿಸುತ್ತಿದ್ದಳು. ಅದನ್ನು ಕೇಳುತ್ತಾ ನಾನು ಬಂದವರಿಗೆ ಕಾಫಿ ಕೊಡುತ್ತಿದ್ದೆ.

ಕಳೆದ ತಿಂಗಳು ಒಂದು ಶನಿವಾರ, ಶಿವಮೊಗ್ಗದಲ್ಲಿ ಅವಳು ಮಷೀನಿಗೆ ಮಲಗಿ ಎರಡು ಗಂಟೆಯಾಗಿತ್ತು. ನಾನು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ನರ್ಸಮ್ಮ ಒಬ್ಬ ಹೆಂಗಸನ್ನು ಕರೆದುಕೊಂಡು ಬಂದರು. ಮೂವತ್ತು ದಾಟಿರಲಿಕ್ಕಿಲ್ಲ, ಕೈಯಲ್ಲಿ ಫೈಲು ಹಿಡಿದು ಹೆದರಿಕೊಂಡು ನಿಂತಿದ್ದಳು. ಇವರಿಗೆ ಹೊಟ್ಟೆಯ ಡಯಾಲಿಸಿಸ್ ಶುರು ಮಾಡಬೇಕೆಂದಿದ್ದೇವೆ, ನೀವು ಮಾಡಿಕೊಂಡವರಲ್ಲವಾ, ಸ್ವಲ್ಪ ಧೈರ್ಯ ಹೇಳಿ ಎಂದು ನರ್ಸಮ್ಮ ನನ್ನ ತಂಗಿಗೆ ಹೇಳಿ ಅತ್ತ ಹೋದರು.

ತಂಗಿ ಬಲಗೈ ಊರಿ ಸ್ವಲ್ಪ ಎದ್ದಳು. ಎಡಗೈಯಲ್ಲಿ ಸೂಜಿಗಳಿದ್ದವು. ಎಷ್ಟೋ ದಿನದ ಮೇಲೆ ಅವಳ ದನಿಯಲ್ಲಿ ಹಳೆಯ ಹುರುಪು ಕೇಳಿತು. ಖಂಡಿತ ಮಾಡಿಸಿಕೊಳ್ಳಿ, ನಿಮ್ಮ ದಿನ ನಿಮ್ಮ ಕೈಗೆ ಬರುತ್ತದೆ, ನಾನು ಸಕ್ರೆಬೈಲಿಗೂ ಹೋಗಿಬಂದಿದ್ದೆ ಅಂದಳು. ಆ ಹೆಂಗಸು ಮೆಲ್ಲಗೆ, ಮತ್ತೆ ನೀವ್ಯಾಕೆ ಬಿಟ್ಟಿರಿ ಎಂದು ಕೇಳಿದಳು.

"ನನ್ನ ಉದಾಸೀನ ಕಣಮ್ಮ. ಒಂದೇ ಒಂದಿನ ಮಾಸ್ಕ್ ಹಾಕ್ಲಿಲ್ಲ, ಎಲ್ಲಾ ಹೋಯ್ತು. ನೀವು ಹಾಗೆ ಮಾಡ್ಬೇಡಿ. ನನ್ನ ನೋಡಿ ಕಲೀರಿ."

ಆ ಹೆಂಗಸು ತನ್ನ ಕೈಗಳನ್ನೇ ತಿರುಗಿಸಿ ನೋಡಿಕೊಂಡಳು, ಅವುಗಳಲ್ಲೇ ಏನೋ ಅಪಾಯ ಇದೆ ಎನ್ನುವ ಹಾಗೆ. ನಾಳೆ ಅವಳ ಮನೆಯಲ್ಲೂ ಒಬ್ಬರು ನೀರು ನೋಡುವವರು ಇರುತ್ತಾರೆ. ಅವರಿಗೂ ಒಂದು ದಿನ ಏನೋ ಕಾಣಬಹುದು. ಕಂಡ ದಿನವೇ ಬಾಯಿ ಬಿಡಬೇಕು ಎಂದು ಅವರಿಗೆ ಯಾರು ಹೇಳುತ್ತಾರೆ ಎಂದು ನನಗೆ ಅನ್ನಿಸಿತು.

ನಾನು ಸ್ಟೂಲಿನಿಂದ ಎದ್ದು ನಿಂತೆ. ಮಂಚದ ಕಂಬಿ ಹಿಡಿದುಕೊಂಡೆ. ತಂಗಿ ಏನಾಯ್ತೇ ಅಂದಳು, ಆ ಗುರುವಾರ ಕೇಳಿದ ಹಾಗೆಯೇ. ಈ ಸಲ ನಾನು ಏನಿಲ್ಲ ಅನ್ನಲಿಲ್ಲ.

"ನಿನ್ನ ಸೀನಿಂದ ಆಗಿದ್ದಲ್ಲ ಕಣೇ. ಹಾಳೆ ಕಟ್ಟು ಆ ಕೋಣೆಲಿ ಇಟ್ಟಿದ್ದೆ, ನಿಂಗೆ ಗೊತ್ತಿಲ್ದಂಗೆ. ವಾಸನೆ ಅಂದ್ಯಲ್ಲ, ಅದು ಅದೇ. ಆಮೇಲೆ ಚುಕ್ಕೆ ನೋಡ್ದೆ. ಹನ್ನೊಂದು ದಿನ ಮುಚ್ಚಿಟ್ಟೆ. ನೀನು ನನ್ನ ಕಣ್ಣು ನಂಬಿ ಕೂತಿದ್ದೆ, ನಾನು ನೋಡಿನೂ ಹೇಳ್ಲಿಲ್ಲ. ನಂದು ತಪ್ಪಾಯ್ತು. ನಿನ್ನ ಹತ್ರ ತಪ್ಪಾಯ್ತು ಅಂತ ಕೇಳ್ಕೊತೀನಿ ಕಣೇ."